ಹಳದಿ ತೋಟದಲ್ಲಿ ಹಸಿರಾಗಿ ನಿಂತ ಮರ

ಹಳದಿ ಎಲೆ ರೋಗಕ್ಕೆ ಯಾವ ಔಷಧಿ ಹೊಡೆಯಬೇಕು ಎಂದು ಸಂಘದ ಗೊಬ್ಬರದ ಮಳಿಗೆಯಲ್ಲಿ ವಿಚಾರಿಸುವ ಸದಸ್ಯರು ಈಗಲೂ ಇದ್ದಾರೆ. ಹೊಡೆಯುವ ಔಷಧಿ ಇಲ್ಲವೆಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಮರುವಾರ ಇನ್ನೆಲ್ಲಿಂದಲೋ ಬಣ್ಣದ ಚೀಟಿ ಅಂಟಿಸಿದ ಡಬ್ಬಿ ತಂದು ಸಾವಿರಾರು ರೂಪಾಯಿಯನ್ನು ಮರದ ಬುಡಕ್ಕೆ ಸುರಿದಿರುತ್ತಾರೆ. ಅವರನ್ನು ದೂರುವ ಮನಸ್ಸು ನಮಗಿಲ್ಲ. ಅಜ್ಜ ನೆಟ್ಟ ತೋಟ ಕಣ್ಣೆದುರಿಗೇ ಹಳದಿಯಾಗುತ್ತಿರುವಾಗ ಸುಮ್ಮನೆ ಕೂರಿ ಎಂದು ಯಾರಿಗೆ ತಾನೇ ಹೇಳಲಾದೀತು? ಆದರೆ ಈಚಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ನಡೆದಿರುವ ಸಂಶೋಧನೆಯನ್ನು ಓದಿದಷ್ಟೂ ಒಂದು ವಿಷಯ ನಮಗೆ ಮನದಟ್ಟಾಗುತ್ತಿದೆ. ಈ ರೋಗದ ವಿಷಯದಲ್ಲಿ ನಮ್ಮ ಕಣ್ಣು ಡಬ್ಬಿಯ ಮೇಲಿರುವ ಬದಲು, ಹಳದಿಯಾದ ನೂರು ಮರಗಳ ನಡುವೆ ಹಸಿರಾಗಿ ನಿಂತು ಇನ್ನೂ ಕೊನೆ ಬಿಡುತ್ತಿರುವ ಒಂದೋ ಎರಡೋ ಮರಗಳ ಮೇಲಿರಬೇಕು. ಅಂಥ ಮರಗಳ ಲೆಕ್ಕ ಬರೆದಿಡುವ ಕೆಲಸವನ್ನು ನಮ್ಮ ಸಂಘ ಕೈಗೆತ್ತಿಕೊಳ್ಳಬೇಕು ಎಂಬುದೇ ಈ ಲೇಖನದ ಒತ್ತಾಯ.

ನಮ್ಮ ಕೈಗೆ ಸಿಂಪಡಣೆಯ ಅಭ್ಯಾಸ ಹತ್ತಿದ್ದಕ್ಕೆ ಕಾರಣವುಂಟು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಕೊಳೆರೋಗದ ಮೂಲವನ್ನು ವಿವರಿಸಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಅಂದಿನಿಂದ ಮೈಲುತುತ್ತ ಮತ್ತು ಸುಣ್ಣ ನಮ್ಮ ಮಳೆಗಾಲದ ಸಾಮಾನಿನ ಪಟ್ಟಿಯಲ್ಲಿ ಖಾಯಂ ಆಗಿವೆ. ಕೊಳೆರೋಗದ ಜೀವಿ ಹೊರಗಿನಿಂದ ಬರುವಂಥದು. ಮಳೆನೀರಿನಲ್ಲಿ ಈಜುವ ಅದರ ಬೀಜಕಣ ಕಾಯಿಯ ಮೇಲೆ ಕುಳಿತು, ಮೊಳೆತು, ಸಿಪ್ಪೆ ತೂರಿ ಒಳಗೆ ಹೋಗಬೇಕು. ಹೋಗುವ ಮೊದಲೇ ಅಲ್ಲಿ ತಾಮ್ರದ ಪದರವಿದ್ದರೆ ಅದರ ಆಟ ಮುಗಿಯಿತು. (ಈ ಜೀವಿಯನ್ನು ಬಹುಕಾಲ ಶಿಲೀಂಧ್ರವೆಂದೇ ಕರೆಯುತ್ತಿದ್ದರು. ವಂಶಾವಳಿ ನೋಡಿದರೆ ಅದು ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ ನಂಟಂತೆ. ಬೋರ್ಡೋಗೆ ಇದರಿಂದೇನೂ ವ್ಯತ್ಯಾಸವಿಲ್ಲ.) ಕಾಫಿಯ ಎಲೆ ತುಕ್ಕು ರೋಗವೂ ಹಾಗೆಯೇ ಎಲೆಯ ಅಡಿಯ ರಂಧ್ರಗಳ ಮೂಲಕ ನುಗ್ಗುವಂಥದು, ಅಲ್ಲಿಯೂ ಕಾಲಕ್ಕೆ ಸರಿಯಾಗಿ ಹೊಡೆದ ಬೋರ್ಡೋ ಕಾವಲು ಕಾಯುತ್ತದೆ. ಹೀಗಾಗಿ ರೋಗವೆಂದರೆ ಹೊರಗಿನ ಕಳ್ಳ, ಔಷಧಿಯೆಂದರೆ ಬಾಗಿಲ ಬೀಗ ಎಂಬ ಎಣಿಕೆ ನಮ್ಮಲ್ಲಿ ಬೇರೂರಿದೆ.

ಹಳದಿ ಎಲೆ ರೋಗದ ಜೀವಿ ಬಾಗಿಲಲ್ಲಿ ನಿಲ್ಲುವುದೇ ಇಲ್ಲ. ಜಿಗಿಹುಳುವಿನ ಜಾತಿಯ ಒಂದು ಪುಟ್ಟ ಕೀಟ ರಸ ಹೀರಲು ಸೋಗೆಗೆ ಸೂಜಿಯಂಥ ಬಾಯಿ ಚುಚ್ಚಿದಾಗ ಅದು ನೇರವಾಗಿ ಮರದ ಆಹಾರ ಸಾಗುವ ನಾಳಕ್ಕೆ ಇಳಿಯುತ್ತದೆ. ಆಮೇಲೆ ಅದರ ವಾಸವೆಲ್ಲ ಆ ನಾಳದೊಳಗೇ. ಎಲೆಯ ಮೇಲೆ ಏನು ಹೊಡೆದರೂ ಅದಕ್ಕೆ ತಾಗದು.

ಈ ಜೀವಿಯ ಹೆಸರು ಫೈಟೋಪ್ಲಾಸ್ಮಾ. ಬ್ಯಾಕ್ಟೀರಿಯಾಗಳ ಪೈಕಿಯದೇ, ಆದರೆ ಮೈಗೆ ಗಟ್ಟಿ ಗೋಡೆಯಿಲ್ಲ. 1967ರಲ್ಲಿ ಜಪಾನಿನ ವಿಜ್ಞಾನಿಗಳು ಕುಬ್ಜ ರೋಗ ಹತ್ತಿದ ಹಿಪ್ಪುನೇರಳೆ ಗಿಡದ ನಾಳದಲ್ಲಿ ಇದನ್ನು ಮೊದಲು ಕಂಡರು. ಅದಕ್ಕೂ ಮುಂಚೆ ಇಂಥ ರೋಗಗಳನ್ನೆಲ್ಲ ವೈರಸ್ಸಿನ ತಲೆಗೆ ಕಟ್ಟುತ್ತಿದ್ದರು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಶ್ರೀಗಂಧದ ಸ್ಪೈಕ್ ರೋಗ ಇದೆ. ಅದು ಕೊಡಗಿನಲ್ಲಿ 1899ರಲ್ಲಿ ವರದಿಯಾಯಿತು. ರೋಗದ ಗಿಡದ ತುಂಡನ್ನು ಕಸಿ ಕಟ್ಟಿದರೆ ಒಳ್ಳೆಯ ಗಿಡಕ್ಕೂ ಹರಡುತ್ತದೆಂದು ಅದೇ ಕೋಲ್ಮನ್ ಅವರು 1917ರಲ್ಲಿ ತೋರಿಸಿದರು. ಅದರೊಳಗಿನ ಜೀವಿ ಕಣ್ಣಿಗೆ ಬಿದ್ದದ್ದು 1969ರಲ್ಲಿ. ಅಡಿಕೆಯ ಹಳದಿ ರೋಗವನ್ನು ಮಧ್ಯ ಕೇರಳದ ಮೂವಾಟ್ಟುಪುಳ ಕಡೆ ಗುರುತಿಸಿದ್ದು 1914ರ ಸುಮಾರಿಗೆ. ನಾಯರ್ ಮತ್ತು ಸೆಲಿಸ್ಕರ್ ಎಂಬ ವಿಜ್ಞಾನಿಗಳು ರೋಗಿ ಮರದ ನಾಳದಲ್ಲಿ ಈ ಜೀವಿಗಳಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ಒಂದು ಪೂರ್ತಿ ತಲೆಮಾರು ಕಳೆದಿತ್ತು. ಸುಳ್ಯದ ಸಂಪಾಜೆ, ಅರಂತೋಡು ಕಡೆಯವರಿಗೂ ಶೃಂಗೇರಿ, ಕೊಪ್ಪದವರಿಗೂ ಆ ಮುಂದಿನ ಕಥೆಯನ್ನು ನಾವು ಹೇಳಬೇಕಾಗಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಈಚಿನ ಸಂಶೋಧನೆಯ ಮಾತಿಗೆ ಬರೋಣ. 2004ರಲ್ಲಿ ಜಪಾನಿನಲ್ಲಿ ಈರುಳ್ಳಿಯ ಹಳದಿ ರೋಗದ ಫೈಟೋಪ್ಲಾಸ್ಮಾದ ಪೂರ್ತಿ ಆನುವಂಶಿಕ ಬರಹವನ್ನು ಓದಿ ಮುಗಿಸಿದರು. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಇ. ಕೋಲಿ ಬ್ಯಾಕ್ಟೀರಿಯಾದ ಬರಹ ಸುಮಾರು 46 ಲಕ್ಷ ಅಕ್ಷರಗಳಷ್ಟಿದ್ದರೆ ಇದರದು 9 ಲಕ್ಷಕ್ಕೂ ಕಡಿಮೆ. ಬೇರೆ ಜೀವಿಗಳು ತಮ್ಮ ಶಕ್ತಿ ತಯಾರಿಸಿಕೊಳ್ಳಲು ಇಟ್ಟುಕೊಂಡಿರುವ ಮುಖ್ಯ ಯಂತ್ರದ ನಕ್ಷೆ ಕೂಡ ಇದರಲ್ಲಿಲ್ಲ. ಎಲ್ಲವೂ ಗಿಡದ್ದು, ಇಲ್ಲವೇ ಕೀಟದ್ದು. ಅಡುಗೆಮನೆಯೇ ಇಲ್ಲದೆ ಊರ ಮನೆಗಳಲ್ಲಿ ಊಟ ಮಾಡುತ್ತ ಬಾಳುವವನ ಹಾಗೆ. ಇಷ್ಟು ಬರಿಗೈಯ ಜೀವಿ ಅರವತ್ತು ಅಡಿ ಎತ್ತರದ ಮರವನ್ನು ಹೇಗೆ ಮಣಿಸುತ್ತದೆ?

ಉತ್ತರ ಸಿಕ್ಕಿದ್ದು ಮುಖ್ಯವಾಗಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರ್‌ನಲ್ಲಿ, ಸಾಸ್ಕಿಯಾ ಹೋಗೆನ್‌ಹೌಟ್ ಅವರ ತಂಡದ ಕೆಲಸದಿಂದ. ಫೈಟೋಪ್ಲಾಸ್ಮಾ ಕೆಲವು ಪ್ರೋಟೀನುಗಳನ್ನು ಗಿಡದ ಜೀವಕೋಶಗಳೊಳಕ್ಕೆ ಬಿಡುತ್ತದೆ. ಅವು ವಿಷವಲ್ಲ, ಅಪ್ಪಣೆಗಳು ಎಂದರೆ ಸರಿಯಾದೀತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಯಾಪ್-11 ಎಂಬ ಪ್ರೋಟೀನು ಗಿಡವು ಕೀಟಗಳ ವಿರುದ್ಧ ಇಟ್ಟುಕೊಂಡ ರಕ್ಷಣೆಯನ್ನೇ ಕುಗ್ಗಿಸುತ್ತದೆ ಎಂದು ಕಂಡಿತು. ಅಂಥ ಗಿಡದ ಮೇಲೆ ಜಿಗಿಹುಳು ಹೆಚ್ಚು ಸಂತಾನ ಮಾಡುತ್ತದೆ. ಹುಳು ಹೆಚ್ಚಿದಷ್ಟೂ ರೋಗಾಣುವಿಗೆ ಸವಾರಿ ಹೆಚ್ಚು. 2014ರಲ್ಲಿ ಸ್ಯಾಪ್-54ರ ವಿಷಯ ಬಂತು: ಇದು ಹೂವನ್ನು ಎಲೆಯಾಗಿ ಮಾರ್ಪಡಿಸುತ್ತದೆ, ಆ ಗಿಡಕ್ಕೆ ಜಿಗಿಹುಳುಗಳನ್ನು ಸೆಳೆಯುತ್ತದೆ. ತನ್ನ ಬೀಜ ಮಾಡಬೇಕಾದ ಗಿಡ ಪರರ ಸೇವೆಗೆ ನಿಂತಹಾಗಾಯಿತು.

2021ರಲ್ಲಿ ಪ್ರಕಟವಾದ ಸ್ಯಾಪ್-05ರ ಸಂಗತಿ ಇವೆಲ್ಲಕ್ಕಿಂತ ಸೋಜಿಗದ್ದು. ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರತಿ ಜೀವಕೋಶದಲ್ಲೂ ಹಳೆಯ, ಬೇಡವಾದ ಪ್ರೋಟೀನುಗಳನ್ನು ಅರೆದು ಪುಡಿಮಾಡುವ ಒಂದು ವ್ಯವಸ್ಥೆ ಇದೆ. ಆಲೆಮನೆಯ ಗಾಣವೆಂದುಕೊಳ್ಳಿ. ಅರೆಯಬೇಕಾದ್ದಕ್ಕೆ ಜೀವಕೋಶ ಮೊದಲು ಒಂದು ಗುರುತು ಹಚ್ಚುತ್ತದೆ. ಗುರುತು ನೋಡಿಯೇ ಗಾಣ ಅದನ್ನು ಒಳಗೆಳೆದುಕೊಳ್ಳುತ್ತದೆ. ಸ್ಯಾಪ್-05 ಮಾಡುವುದಿಷ್ಟು. ಒಂದು ಕೈಯಲ್ಲಿ ಗಾಣದ ಬಾಯಲ್ಲಿರುವ ಒಂದು ಭಾಗವನ್ನು ಹಿಡಿಯುತ್ತದೆ, ಇನ್ನೊಂದು ಕೈಯಲ್ಲಿ ಗಿಡದ ಬೆಳವಣಿಗೆಯನ್ನು ನಡೆಸುವ ಯಜಮಾನ ಪ್ರೋಟೀನುಗಳನ್ನು ಹಿಡಿಯುತ್ತದೆ, ಗುರುತಿನ ಗೊಡವೆಯೇ ಇಲ್ಲದೆ ಅವನ್ನು ಗಾಣಕ್ಕೆ ನೂಕುತ್ತದೆ. ಬಿತ್ತನೆಗೆಂದು ಕಾಯ್ದಿಟ್ಟ ಕಬ್ಬನ್ನು ಯಾರೋ ರಾತ್ರಿ ಗಾಣಕ್ಕೆ ಕೊಟ್ಟಹಾಗೆ. ಗಿಡಕ್ಕೆ ವಯಸ್ಸಾಗುವುದು ನಿಂತುಹೋಗುತ್ತದೆ. ಬೀಜ ಕಟ್ಟದೆ ಬರೀ ಚಿಗುರು ಒಡೆಯುತ್ತ ಪೊದೆಯಾಗುತ್ತದೆ.

ಗಾಣ ಕೀಟದ ದೇಹದಲ್ಲೂ ಇದೆ. ಅಲ್ಲೇಕೆ ಈ ಕಳ್ಳತನ ನಡೆಯುವುದಿಲ್ಲ? ಕೀಟದ ಗಾಣದ ಬಾಯಿ ಒಂದಿಷ್ಟು ಬೇರೆ, ಸ್ಯಾಪ್-05ರ ಕೈಗೆ ಅದು ಸಿಕ್ಕುವುದಿಲ್ಲ. ಇದನ್ನು ಕಂಡ ವಿಜ್ಞಾನಿಗಳು ಪ್ರಯೋಗದ ಗಿಡದಲ್ಲಿ ಆ ಭಾಗದ ಎರಡೇ ಎರಡು ಅಮೈನೋ ಆಮ್ಲಗಳನ್ನು ಕೀಟದಲ್ಲಿರುವಂತೆ ಬದಲಿಸಿ ನೋಡಿದರು. ಸ್ಯಾಪ್-05ರ ಹಿಡಿತ ತಪ್ಪಿತು.

ಇದು ನಡೆದದ್ದು ಸಾಸಿವೆಯ ಕುಲದ ಒಂದು ಚಿಕ್ಕ ಗಿಡದಲ್ಲಿ ಎಂಬುದನ್ನು ಮರೆಯಬಾರದು. ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಅದು ಪೊದೆಯಾಗುವುದಿಲ್ಲ, ಸೊರಗುತ್ತದೆ. ಅಡಿಕೆಯಲ್ಲಿ ಸಿಕ್ಕಿರುವ ಫೈಟೋಪ್ಲಾಸ್ಮಾಗಳೂ ಎಲ್ಲ ಕಡೆ ಒಂದೇ ಗುಂಪಿನವಲ್ಲ. ಚೀನಾದ ಹೈನಾನ್ ದ್ವೀಪದ ಅಡಿಕೆ ತೋಟಗಳಲ್ಲಿ ಹಳದಿಯಾಗುವಿಕೆಗೆ ಒಂದು ವೈರಸ್ಸಿನ ನಂಟೂ ಇದೆಯೆಂದು ಈಚೆಗೆ ಅಲ್ಲಿಯ ವಿಜ್ಞಾನಿಗಳು ತೋರಿಸಿದ್ದಾರೆ. ನಾರ್ವಿಚ್ಚಿನ ಫಲಿತಾಂಶವನ್ನು ಹಾಗೆಯೇ ತಂದು ಮಲೆನಾಡಿನ ತೋಟದಲ್ಲಿ ನೆಡಲು ಬರುವುದಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಅಂಶ. ರೋಗವೆಂದರೆ ಜೀವಿಯೊಂದೇ ಮಾಡುವ ಕೆಲಸವಲ್ಲ, ಆಶ್ರಯ ಕೊಟ್ಟ ಗಿಡದ ಒಳಗಿನ ರಚನೆಯೂ ಅದಕ್ಕೆ ಒದಗಿಬರಬೇಕು. ಆ ರಚನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ರೋಗಾಣುವಿನ ಉಪಾಯ ಕೆಡಬಹುದು. ಹಾಗಿದ್ದ ಮೇಲೆ ಲಕ್ಷಾಂತರ ಅಡಿಕೆ ಮರಗಳ ನಡುವೆ ಅಂಥ ಒಂದು ವ್ಯತ್ಯಾಸ ಹುಟ್ಟಿನಿಂದಲೇ ಇರುವ ಮರ ಎಲ್ಲಿಯೋ ನಿಂತಿರಬಾರದೇಕೆ?

ಕಾಫಿ ಬೆಳೆಗಾರರಾದ ನಮಗೆ ಇದು ಹೊಸ ಮಾತಲ್ಲ. 1911ರಲ್ಲಿ ಚಿಕ್ಕಮಗಳೂರು ಸೀಮೆಯ ಕೆಂಟ್ ಎಂಬ ತೋಟದ ಮಾಲೀಕರು ತುಕ್ಕು ಬಡಿದ ಕಾಫಿಯ ನಡುವೆ ಆರೋಗ್ಯವಾಗಿದ್ದ ಒಂದು ಗಿಡವನ್ನು ಗುರುತಿಸಿ ಅದರ ಬೀಜ ಉಳಿಸಿದರು. ಅದೇ ಕೆಂಟ್ ತಳಿ. ಪ್ರಯೋಗಶಾಲೆ ಇಲ್ಲ, ಸೂಕ್ಷ್ಮದರ್ಶಕ ಇಲ್ಲ. ತೋಟದಲ್ಲಿ ನಡೆದಾಡುವವನ ಕಣ್ಣು ಮಾತ್ರ. ಕಾಲಕ್ರಮದಲ್ಲಿ ಆ ತಳಿಯನ್ನೂ ತುಕ್ಕು ಹಿಡಿಯಿತು. ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ, ಒಂದು ಸೋತ ಗಿಡದ ಮೇಲೆ ಇನ್ನೊಂದು ಗೆಲ್ಲುತ್ತದೆ ಎಂಬುದನ್ನು 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ ತೋರಿಸಿದರು. ಆದರೂ ಕೆಂಟ್ ವ್ಯರ್ಥವಾಗಲಿಲ್ಲ. ಅದನ್ನು ಎಸ್. 288ರೊಡನೆ ಸಂಕರ ಮಾಡಿ ಬಂದದ್ದೇ ನಮ್ಮ ಎಸ್. 795. ಇವತ್ತಿಗೂ ನಮ್ಮಲ್ಲಿ ಎಷ್ಟೋ ಮನೆಗಳ ಸಾಲ ತೀರುವುದು ಆ ಗಿಡದಿಂದ. ಒಂದೇ ಮರವನ್ನು ನೆಚ್ಚಬಾರದು, ಹಲವು ಮರಗಳನ್ನು ಕಾಪಾಡಿಟ್ಟುಕೊಳ್ಳಬೇಕು ಎಂಬ ಬುದ್ಧಿಯೂ ಅದೇ ಇತಿಹಾಸದಿಂದ ಸಿಗುತ್ತದೆ.

ತೆಂಗಿನಲ್ಲೂ ಇದೇ ದಾರಿ ಹಿಡಿದಿದ್ದಾರೆ. ಕೇರಳದ ತೆಂಗಿನ ಬೇರು ಸೊರಗು ರೋಗವೂ ಫೈಟೋಪ್ಲಾಸ್ಮಾದ್ದೇ. 1882ರ ದೊಡ್ಡ ನೆರೆಯ ನಂತರ ಈರಾಟ್ಟುಪೇಟ್ಟದಲ್ಲಿ ಕಂಡುಬಂತೆಂದು ಹೇಳುತ್ತಾರೆ. ಅದಕ್ಕೂ ಔಷಧಿ ದೊರೆಯಲಿಲ್ಲ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕಾಯಂಕುಳಂ ಕೇಂದ್ರದವರು ರೋಗ ತುಂಬಿದ ಪ್ರದೇಶದಲ್ಲೇ ಆರೋಗ್ಯವಾಗಿ ನಿಂತ ಮರಗಳನ್ನು ಹುಡುಕಿ ಆರಿಸಿ ಕಲ್ಪರಕ್ಷಾ, ಕಲ್ಪಶ್ರೀ ಮುಂತಾದ ತಳಿಗಳನ್ನು ಕೊಟ್ಟಿದ್ದಾರೆ.

ಅಡಿಕೆಯಲ್ಲಿ ಈ ಕೆಲಸ ಇನ್ನೂ ಕಷ್ಟ. ಅರೇಬಿಕಾ ಕಾಫಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಾಯಿಯ ಗುಣ ಬಹುಮಟ್ಟಿಗೆ ಬೀಜದಲ್ಲಿ ಉಳಿಯುತ್ತದೆ. ಕೆಂಟ್ ಅವರ ಅದೃಷ್ಟ ಅದು. ಅಡಿಕೆಯಲ್ಲಿ ಹೆಚ್ಚಾಗಿ ಪರಕೀಯ ಪರಾಗ. ಒಳ್ಳೆಯ ಮರದಿಂದ ಬೀಜದ ಗೋಟು ಇಳಿಸಿ ಸಸಿ ಮಾಡಿದರೂ ತಂದೆ ಪಕ್ಕದ ರೋಗಿ ಮರವಿರಬಹುದು. "ಹಸಿರು ಮರದ ಗೋಟೇ ಹಾಕಿದ್ದೆ, ಅದಕ್ಕೂ ಬಂತು ಮಾರಾಯ್ರೇ" ಎಂದು ಅಲವತ್ತುಕೊಳ್ಳುವ ಸದಸ್ಯರ ಮಾತಿಗೆ ಇದೂ ಒಂದು ಕಾರಣ. ಇದಕ್ಕೆ ಪರಿಹಾರವೆಂದರೆ ಆರಿಸಿದ ಎರಡು ಮರಗಳ ನಡುವೆ ಕೈಯಾರೆ ಪರಾಗಸ್ಪರ್ಶ ಮಾಡಿಸುವುದು, ಇಲ್ಲವೇ ಹಿಂಗಾರದ ಎಳೆ ಭಾಗದಿಂದ ಅಂಗಾಂಶ ಕೃಷಿಯಲ್ಲಿ ಅದೇ ಮರದ ಪಡಿಯಚ್ಚು ಸಸಿಗಳನ್ನು ಬೆಳೆಸುವುದು. ಈ ಎರಡನೆಯ ವಿಧಾನವನ್ನು ಕಾಸರಗೋಡಿನ ಸಂಸ್ಥೆಯವರು ಅಡಿಕೆಗೆ ರೂಪಿಸಿದ್ದಾರೆ. ವಿಧಾನ ಅವರಲ್ಲಿದೆ. ಮರಗಳಿರುವುದು ನಮ್ಮ ತೋಟಗಳಲ್ಲಿ.

ಮರ ಹಸಿರಾಗಿದೆ ಎಂದ ಮಾತ್ರಕ್ಕೆ ಅದು ಗಟ್ಟಿ ಮರ ಎನ್ನುವಂತಿಲ್ಲ. ಹುಳು ಇನ್ನೂ ಅಲ್ಲಿ ಕೂತಿಲ್ಲದಿರಬಹುದು. ಸೂಕ್ಷ್ಮಜೀವಿ ಒಳಗಿದ್ದೂ ಹೊರಗೆ ಕಾಣಿಸಿರದಿರಬಹುದು. ಇದು ಒಂದೇ ವರ್ಷ ನೋಡಿ ಹೇಳುವ ವಿಷಯವಲ್ಲ. ಹಾಗೆಯೇ ಹಳದಿಯಾದದ್ದೆಲ್ಲ ಈ ರೋಗವೂ ಅಲ್ಲ. ಬಸಿಗಾಲುವೆ ಮುಚ್ಚಿ ಬುಡದಲ್ಲಿ ನೀರು ನಿಂತರೂ, ಪೊಟ್ಯಾಷ್ ಮೆಗ್ನೀಷಿಯಂ ಕೊರೆಯಾದರೂ, ಸಸಿಗಳಿಗೆ ನುಸಿ ಹತ್ತಿದರೂ ಸೋಗೆ ಹಳದಿಯಾಗುತ್ತದೆ. ನಿಜವಾದ ರೋಗದಲ್ಲಿ ಹೊರ ಸುತ್ತಿನ ಸೋಗೆಗಳ ಗರಿ ತುದಿಯಿಂದ ಹಳದಿ ಇಳಿಯುತ್ತದೆ, ನಡುನರದ ಬದಿ ಹಸಿರು ಉಳಿಯುತ್ತದೆ. ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಇದು ಚೆನ್ನಾಗಿ ಕಾಣುತ್ತದೆ. ಕಾಯಿ ಉದುರುತ್ತದೆ, ಒಳಗಿನ ಅಡಿಕೆ ಕಪ್ಪಾಗುತ್ತದೆ, ಎಳೆ ಬೇರಿನ ತುದಿ ಕೊಳೆತಿರುತ್ತದೆ. ಅನುಮಾನವಿದ್ದಲ್ಲಿ ಪ್ರಯೋಗಶಾಲೆಯ ಡಿಎನ್ಎ ಪರೀಕ್ಷೆಯೇ ಗತಿ.

ಬಸಿಗಾಲುವೆ ಬಿಡಿಸಿ, ಸುಣ್ಣ ಹಾಕಿ, ಸೊಪ್ಪು ಗೊಬ್ಬರ ಹೊತ್ತರೆ ರೋಗದ ಮರವೂ ಕೆಲವು ವರ್ಷ ಹೆಚ್ಚು ಫಸಲು ಕೊಡುವುದುಂಟು. ಅದನ್ನು ಮಾಡಲೇಬೇಕು. ಅದು ಆರೈಕೆ, ವಾಸಿಯಲ್ಲ. ಆ್ಯಂಟಿಬಯೋಟಿಕ್ ಕೊಟ್ಟರೆ ಹೇಗೆಂದು ಕೇಳುವವರಿಗೆ ಅಮೆರಿಕದ ಫ್ಲಾರಿಡಾದ ಅನುಭವವಿದೆ. ಅಲ್ಲಿ ಬೀದಿ ಬದಿಯ, ಬಂಗಲೆಗಳ ಅಂಗಳದ ತೆಂಗಿನ ಮರಗಳಿಗೆ ಇದೇ ಜಾತಿಯ ರೋಗ ಬಂದಾಗ ಕಾಂಡಕ್ಕೆ ಟೆಟ್ರಾಸೈಕ್ಲಿನ್ ಬಗೆಯ ಔಷಧಿ ಚುಚ್ಚಿದರು. ಲಕ್ಷಣ ಅಡಗಿತು. ಆದರೆ ನಾಲ್ಕು ತಿಂಗಳಿಗೊಮ್ಮೆ, ಮರ ಇರುವವರೆಗೂ ಚುಚ್ಚುತ್ತಿರಬೇಕು. ಅಂದಕ್ಕೆ ಬೆಳೆಸಿದ ಮರಕ್ಕೆ ಅದು ಸರಿ. ಜನ ಬಾಯಿಗೆ ಹಾಕಿಕೊಳ್ಳುವ ಅಡಿಕೆಗೆ ಅದನ್ನು ನಾವು ಒಪ್ಪುವುದಿಲ್ಲ.

ನಾವು ಹೇಳುವ ಲೆಕ್ಕದ ಪುಸ್ತಕ ದೊಡ್ಡ ವಿದ್ಯೆಯೇನಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ರೋಗ ಇರುವ ತೋಟದಲ್ಲಿ, ಸುತ್ತಲಿನ ಮರಗಳೆಲ್ಲ ಹಳದಿಯಾಗಿದ್ದೂ ಹಸಿರಾಗಿರುವ ಮರಕ್ಕೆ ಒಂದು ಕೆಂಪು ಪಟ್ಟಿ ಬಳಿಯುವುದು. ಸರ್ವೆ ನಂಬರು, ಸಾಲಿನಲ್ಲಿ ಎಷ್ಟನೆಯ ಮರ, ಅಂದಾಜು ವಯಸ್ಸು, ತೋಟಕ್ಕೆ ರೋಗ ಬಂದ ವರ್ಷ, ಸುತ್ತಲಿನ ಎಂಟು ಮರಗಳ ಸ್ಥಿತಿ, ಆ ವರ್ಷ ಬಿಟ್ಟ ಕೊನೆಗಳ ಸಂಖ್ಯೆ ಬರೆದಿಡುವುದು. ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಮತ್ತೆ ನೋಡಿ ಬರೆಯುವುದು. ಈ ಕೆಲಸಕ್ಕೆ ನಮಗಿಂತ ಕೊನೆಗಾರರ ಕಣ್ಣು ಮೇಲು. ನಾವು ಬುಡದಲ್ಲಿ ನಿಂತು ನೋಡುವವರು, ಅವರು ಚಂಡೆಯ ಹತ್ತಿರ ಕುಳಿತು ನೋಡುವವರು. ಯಾವ ತೋಟದ ಯಾವ ಮರ ಎಷ್ಟು ಕೊನೆ ಕೊಡುತ್ತದೆಂದು ಕೇಳಿದರೆ ಅವರು ಹೇಳಿಯಾರು. ಇದುವರೆಗೆ ಯಾರೂ ಅವರನ್ನು ಕೇಳುವ ಗೋಜಿಗೆ ಹೋಗಿಲ್ಲ. ಮಾಹಿತಿ ಕೊಟ್ಟ ಪ್ರತಿ ಮರಕ್ಕೆ ಅವರಿಗೆ ಇಷ್ಟೆಂದು ಸಂಭಾವನೆ ಕೊಡುವುದು ನ್ಯಾಯ.

"ತೋಟವೇ ಹೋಯಿತು, ಒಂಟಿ ಮರ ಇಟ್ಟುಕೊಂಡು ಏನು ಮಾಡಲಿ" ಎನ್ನುವ ಸದಸ್ಯರ ಮಾತಿನಲ್ಲೂ ಹುರುಳಿದೆ. ಅರ್ಧ ಎಕರೆಯವರು ವಿಜ್ಞಾನಕ್ಕೋಸ್ಕರ ಜಾಗ ಬಿಟ್ಟು ಕೂರಲಾರರು. ಅವರು ಕಾಫಿಯನ್ನೋ ಬೇರೇನನ್ನೋ ಹಾಕಲಿ. ಆದರೆ ಗುರುತಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಉಳಿಸಿಕೊಳ್ಳುವುದು ಅಸಾಧ್ಯವಲ್ಲ. ಉಳಿಸಿದವರಿಗೆ ವರ್ಷಕ್ಕೆ ಮರಕ್ಕಿಷ್ಟು ಎಂದು ಸಂಘ ಕೊಡಬೇಕು. ಇದನ್ನು ಧರ್ಮವೆಂದು ನೋಡಬೇಕಾಗಿಲ್ಲ. ಅಡಿಕೆ ಸಸಿ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಆರಿಸಿ, ಸಂಕರ ಮಾಡಿ, ರೋಗದ ನಡುವೆಯೇ ನೆಟ್ಟು ಪರೀಕ್ಷಿಸುವುದೆಂದರೆ ಹದಿನೈದು ವರ್ಷಕ್ಕೆ ಕಡಿಮೆಯಿಲ್ಲ. ಇವತ್ತು ಕಡಿದುಹೋದ ಮರವನ್ನು ಆಗ ಎಲ್ಲಿಂದ ತರುವುದು?

ಇನ್ನೊಂದು ಕಾರಣಕ್ಕೂ ಬರಹ ಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ತಳಿಯನ್ನು ಕಾಪಾಡಿದ ರೈತನಿಗೂ ಪಾಲು ಉಂಟು. ಮುಂದೆ ಒಂದು ದಿನ ಸದಸ್ಯರೊಬ್ಬರ ಮರದಿಂದ ತಳಿ ಹೊರಬಂದರೆ, ಅದು ಯಾರ ತೋಟದ ಯಾವ ಮರ, ಯಾವ ತಾರೀಖಿನಿಂದ ಕಾಯ್ದದ್ದು ಎಂಬುದಕ್ಕೆ ಸಂಘದ ಪುಸ್ತಕವೇ ಸಾಕ್ಷಿ. ಸಂಶೋಧನಾ ಕೇಂದ್ರಕ್ಕೆ ಹಿಂಗಾರವನ್ನೋ ಎಲೆಯ ತುಂಡನ್ನೋ ಕೊಡುವಾಗಲೂ ರಸೀತಿ ಪಡೆದು ಅದೇ ಪುಸ್ತಕಕ್ಕೆ ಅಂಟಿಸಬೇಕು.

ಕೊನೆಗಾರರಿಗೂ ಮರ ಉಳಿಸಿದವರಿಗೂ ಎಷ್ಟು ಕೊಡಬೇಕೆಂಬುದು ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಪುಸ್ತಕ ಮತ್ತು ಬಣ್ಣದ ಡಬ್ಬಿಯನ್ನು ಆಡಳಿತ ಮಂಡಳಿ ಅದಕ್ಕೂ ಮುಂಚೆಯೇ ತರಿಸಬಹುದು. ಅಕ್ಟೋಬರಿಗೆ ಹಳದಿ ಮೇಲೇಳುವಾಗಲೇ ಹಸಿರು ಮರ ಎದ್ದು ಕಾಣುವುದು.